ಸ್ಪೇನ್‌ನ ದ್ವೀಪಗಳಲ್ಲಿ ಇಂಗ್ಲಿಷ್ ನಂಬಿ ಕೆಲಸ: ಯಾವ ದ್ವೀಪ, ಯಾವ ತಿಂಗಳು, ಯಾವ ಕೆಲಸ

ಜನವರಿ ಮುಗಿಯುವ ಹೊತ್ತಿಗೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ನೆಲೆನಿಂತ ಕನ್ನಡದ ಮನೆಗಳ ಮಕ್ಕಳು ಈಗ ಇಪ್ಪತ್ತರ ಆಸುಪಾಸಿನಲ್ಲಿದ್ದಾರೆ. ‘ಈ ಬೇಸಿಗೆ ಇಬಿಜಾದಲ್ಲಿ ದುಡಿಯಬೇಕು ಅಂತಿದ್ದಾಳೆ, ಇಂಗ್ಲಿಷ್ ಬಂದರೆ ಸಾಕಂತೆ, ಹೌದಾ?’ ಎಂದು ತಾಯಿ ಕೇಳುತ್ತಾರೆ. ಪಕ್ಕದಲ್ಲಿ ಮಗಳು ಕಿವಿಗೊಟ್ಟು ಕುಳಿತಿರುತ್ತಾಳೆ. ನಾನು ಲಾನ್ಸರೋಟೆಯಲ್ಲಿ ಒಂದು ಚಳಿಗಾಲ, ಮಯೋರ್ಕಾದಲ್ಲಿ ಒಂದು ಬೇಸಿಗೆ ದುಡಿದವನು. ಎರಡೂ ಕಡೆ ಕೆಲಸ ವಾರದೊಳಗೆ ಸಿಕ್ಕಿತು. ಬಾಡಿಗೆಗೆ ಕೋಣೆ ಲಾನ್ಸರೋಟೆಯಲ್ಲಿ ಒಂಬತ್ತು ದಿನಕ್ಕೆ ಸಿಕ್ಕರೆ ಮಯೋರ್ಕಾದಲ್ಲಿ ಐದು ವಾರ ಹಿಡಿಯಿತು. ಹಾಗಾಗಿ ಎಲ್ಲರಿಗೂ ಮೊದಲು ಹೇಳುವ ಮಾತು ಇದೇ: ದ್ವೀಪವನ್ನು ಕೆಲಸ ನೋಡಿ ಆರಿಸಬೇಡಿ, ಕೋಣೆ ನೋಡಿ ಆರಿಸಿ.

ಅದಕ್ಕೂ ಮುಂಚಿನ ಪ್ರಶ್ನೆ ಪಾಸ್‌ಪೋರ್ಟ್‌ನದು. ಇಲ್ಲಿ ಎಡವಿದರೆ ಮುಂದಿನ ಹೋಲಿಕೆಗಳಿಗೆಲ್ಲ ಅರ್ಥವೇ ಇರುವುದಿಲ್ಲ.

ಪಾಸ್‌ಪೋರ್ಟ್ ಹೇಳುವ ದಾರಿ

ಐರಿಶ್ ಪಾಸ್‌ಪೋರ್ಟ್ ಇದ್ದವರಿಗೆ ದಾರಿ ಸಲೀಸು. ಐರೋಪ್ಯ ಒಕ್ಕೂಟದ ಪ್ರಜೆಗೆ ಸ್ಪೇನ್‌ನಲ್ಲಿ ಕೆಲಸದ ಪರವಾನಗಿ ಬೇಕಿಲ್ಲ. ಬೇಕಾಗುವುದು ಎನ್‌ಐಇ ಎಂಬ ವಿದೇಶಿಯರ ಗುರುತಿನ ಸಂಖ್ಯೆ (ಅಲ್ಲಿನವರ ಬಾಯಲ್ಲಿ ಅದು ‘ನಿಯೆ’) ಮತ್ತು ಸಾಮಾಜಿಕ ಭದ್ರತೆಯ ಸಂಖ್ಯೆ. ಮೂರು ತಿಂಗಳು ಮೀರಿ ಉಳಿಯುವುದಾದರೆ ಪೊಲೀಸ್ ಕಚೇರಿಯಲ್ಲಿ ನೋಂದಾಯಿಸಿಕೊಂಡು ಹಸಿರು ಪ್ರಮಾಣಪತ್ರ ಪಡೆಯಬೇಕು. ಎನ್‌ಐಇಗೆ ಶುಲ್ಕ ಹತ್ತು ಯೂರೋ ಆಸುಪಾಸು. ಕಷ್ಟವಿರುವುದು ಶುಲ್ಕದಲ್ಲಲ್ಲ, ಮುಂಗಡ ಸಮಯ ಗೊತ್ತುಪಡಿಸಿಕೊಳ್ಳುವುದರಲ್ಲಿ. ಬೇಸಿಗೆಯ ಮುಂಚೆ ದ್ವೀಪಗಳ ಪೊಲೀಸ್ ಕಚೇರಿಗಳಲ್ಲಿ ವಾರಗಟ್ಟಲೆ ಸಮಯ ಸಿಗುವುದಿಲ್ಲ. ಹೊರಡುವ ಮೊದಲೇ ನೀವಿರುವ ದೇಶದ ಸ್ಪೇನ್ ದೂತಾವಾಸದ ಮೂಲಕ ಎನ್‌ಐಇ ಮಾಡಿಸಿಕೊಂಡವರು ಈ ಕಾಯುವಿಕೆಯಿಂದ ಪಾರಾಗುತ್ತಾರೆ.

ಬ್ರಿಟಿಷ್ ಪಾಸ್‌ಪೋರ್ಟ್‌ನ ಕಥೆ 2020ರ ಡಿಸೆಂಬರ್ 31ಕ್ಕೆ ಬದಲಾಯಿತು. ಅದಕ್ಕೆ ಮೊದಲೇ ಸ್ಪೇನ್‌ನಲ್ಲಿ ನೆಲೆಸಿದ್ದವರ ಹಕ್ಕು ಉಳಿದಿದೆ. ಉಳಿದವರು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ತಿರುಗಾಡಬಹುದು, ದುಡಿಯುವಂತಿಲ್ಲ. ‘ನನ್ನ ಅಣ್ಣ 2015ರಲ್ಲಿ ಸುಮ್ಮನೆ ಹೋಗಿ ಕೆಲಸ ಹಿಡಿದಿದ್ದ’ ಎಂಬ ಅನುಭವ ಆ ಕಾಲಕ್ಕೆ ನಿಜ, ಈಗ ಅದನ್ನು ನಂಬಿ ಟಿಕೆಟ್ ಕಾಯ್ದಿರಿಸಬಾರದು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು. ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಆಗಲಿ ಐರ್ಲೆಂಡ್‌ನ ವಾಸದ ಪರವಾನಗಿ ಆಗಲಿ ಸ್ಪೇನ್‌ನಲ್ಲಿ ಕೆಲಸದ ಹಕ್ಕು ಕೊಡುವುದಿಲ್ಲ. ಹೊರಗಿನವರನ್ನು ನೇಮಿಸಿಕೊಳ್ಳಲು ಬಯಸುವ ಮಾಲೀಕ ಆ ಕೆಲಸಕ್ಕೆ ಅಲ್ಲಿ ಜನ ಸಿಗಲಿಲ್ಲವೆಂದು ತೋರಿಸಬೇಕಾಗುತ್ತದೆ. ಬಡಿಸುವ ಕೆಲಸಕ್ಕೆ ಅಷ್ಟು ಓಡಾಡುವ ಬಾರ್ ಮಾಲೀಕನನ್ನು ನಾನು ಕಂಡಿಲ್ಲ. ಇವರಿಗೆ ನಿಜವಾಗಿ ತೆರೆದಿರುವ ಬಾಗಿಲುಗಳೆಂದರೆ ದೂರದಿಂದಲೇ ಕೆಲಸ ಮಾಡುವವರ ವೀಸಾ, ಸ್ಪೇನ್‌ನಲ್ಲೇ ಉನ್ನತ ವ್ಯಾಸಂಗ ಮಾಡುತ್ತ ವಾರಕ್ಕೆ 30 ಗಂಟೆಯವರೆಗಿನ ದುಡಿಮೆ, ಮತ್ತು ಸಮುದ್ರ. ಮೊದಲನೆಯದಕ್ಕೂ ಕೊನೆಯದಕ್ಕೂ ಮುಂದೆ ಬರುತ್ತೇನೆ.

ಕನೇರಿ ದ್ವೀಪಗಳ ಲಾಸ್ ಪಾಲ್ಮಾಸ್ ಮತ್ತು ಸಾಂತಾ ಕ್ರೂಸ್ ನಗರಗಳಲ್ಲಿ ಸಿಂಧಿ ವ್ಯಾಪಾರಿಗಳ ಅಂಗಡಿಗಳು ಸಾಲಾಗಿವೆ. 1852ರಲ್ಲಿ ಈ ದ್ವೀಪಗಳ ಬಂದರುಗಳಿಗೆ ಸುಂಕದ ವಿನಾಯಿತಿ ಸಿಕ್ಕಿತು, ಆ ಶತಮಾನದ ಕೊನೆಯ ಹೊತ್ತಿಗೆ ಸಿಂಧಿಗಳು ಬಂದು ಬೇರೂರಿದರು. ಭಾರತೀಯ ಮುಖ ಅಲ್ಲಿ ಯಾರಿಗೂ ಹೊಸದಲ್ಲ, ಅದು ಒಂದು ದೊಡ್ಡ ನೆಮ್ಮದಿ. ಆದರೆ ಅವರೂ ಅದೇ ಕಾನೂನಿಗೆ ಒಳಪಟ್ಟವರು. ನಮ್ಮವರ ಅಂಗಡಿಯಲ್ಲಿ ಹೇಗೋ ಆದೀತು ಎಂದುಕೊಂಡು ಪ್ರವಾಸಿ ವೀಸಾದಲ್ಲಿ ಹೊರಡಬೇಡಿ.

ಎರಡು ಸಮುದ್ರ, ಎರಡು ಪಂಚಾಂಗ

ಸ್ಪೇನ್‌ನ ರಜಾ ದ್ವೀಪಗಳು ಎಂದಾಗ ಎರಡು ಬೇರೆ ಗುಂಪುಗಳ ಮಾತು ಬರುತ್ತದೆ. ಬಲೇರಿಕ್ ದ್ವೀಪಗಳಾದ ಮಯೋರ್ಕಾ, ಮೆನೋರ್ಕಾ, ಇಬಿಜಾ, ಫೊರ್ಮೆಂತೆರಾ ಮೆಡಿಟರೇನಿಯನ್ ಸಮುದ್ರದಲ್ಲಿವೆ. ಅಲ್ಲಿ ಕೆಲಸದ ಕಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ನವೆಂಬರ್ ಮೊದಲ ವಾರದಲ್ಲಿ ಕಡಲ ದಂಡೆಯ ಊರುಗಳನ್ನು ನೋಡಿದರೆ ಜಾತ್ರೆ ಮುಗಿದ ಮರುದಿನದ ತೇರುಬೀದಿಯ ನೆನಪಾಗುತ್ತದೆ. ಕನೇರಿ ದ್ವೀಪಗಳು ಆಫ್ರಿಕಾದ ಕರಾವಳಿಗೆ ಹತ್ತಿರ, ಅಟ್ಲಾಂಟಿಕ್‌ನಲ್ಲಿ. ಅಲ್ಲಿ ಜನವರಿಯಲ್ಲೂ ಹಗಲು ಇಪ್ಪತ್ತು ಡಿಗ್ರಿಯ ಹತ್ತಿರ ಇರುವುದರಿಂದ ಉತ್ತರ ಯುರೋಪಿನವರು ಚಳಿ ತಪ್ಪಿಸಿಕೊಳ್ಳಲು ಬರುತ್ತಾರೆ. ವರ್ಷವಿಡೀ ಕೆಲಸವಿದ್ದರೂ ಭರಾಟೆ ನವೆಂಬರ್‌ನಿಂದ ಈಸ್ಟರ್‌ವರೆಗೆ.

ಕೆಲಸ ಹುಡುಕುವ ತಿಂಗಳೂ ಇದಕ್ಕೆ ತಕ್ಕಂತೆ ಬೇರೆ. ಬಲೇರಿಕ್ ಹೋಟೆಲುಗಳು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಜನರನ್ನು ಗೊತ್ತುಮಾಡಿಕೊಳ್ಳುತ್ತವೆ. ಪರೀಕ್ಷೆ ಮುಗಿಸಿ ಜೂನ್ ಕೊನೆಗೆ ಇಳಿಯುವ ವಿದ್ಯಾರ್ಥಿಗೆ ಯಾರೋ ಬಿಟ್ಟುಹೋದ ಜಾಗ ಸಿಗಬಹುದು, ಆದರೆ ಅಷ್ಟರಲ್ಲಿ ಕೋಣೆಗಳೆಲ್ಲ ಮುಗಿದಿರುತ್ತವೆ. ಕನೇರಿಗೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಹೋಗುವುದು ಸರಿ. ಬೇಸಿಗೆ ರಜೆಯ ಜನ ಹೊರಟಿರುತ್ತಾರೆ, ಚಳಿಗಾಲದವರು ಇನ್ನೂ ಬಂದಿರುವುದಿಲ್ಲ.

ವರ್ಷವಿಡೀ ದುಡಿಯಬೇಕೆನ್ನುವವರಿಗೆ ಕನೇರಿ. ಒಂದು ಬೇಸಿಗೆ ಮಾತ್ರ ಎನ್ನುವವರಿಗೆ ಬಲೇರಿಕ್, ಆದರೆ ಮಲಗುವ ಜಾಗ ಕೆಲಸದ ಜೊತೆಗೇ ಸಿಗುವುದಾದರೆ ಮಾತ್ರ. ಈ ಷರತ್ತನ್ನು ನಾನು ಸಡಿಲಿಸುವುದಿಲ್ಲ.

ದ್ವೀಪ ದ್ವೀಪಕ್ಕೂ ವ್ಯತ್ಯಾಸ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ತೆನೆರಿಫೆಯ ದಕ್ಷಿಣ ಭಾಗ. ಲೊಸ್ ಕ್ರಿಸ್ತಿಯಾನೊಸ್, ಪ್ಲಾಯಾ ದೆ ಲಾಸ್ ಅಮೆರಿಕಾಸ್, ಕೊಸ್ತಾ ಅದೆಹೆ ಒಂದಕ್ಕೊಂದು ಅಂಟಿಕೊಂಡ ಊರುಗಳು. ಒಂದೇ ಮಧ್ಯಾಹ್ನ ನಡೆದುಕೊಂಡೇ ನೂರು ಬಾಗಿಲು ತಟ್ಟಬಹುದು. ಬ್ರಿಟಿಷ್ ಮತ್ತು ಐರಿಶ್ ಗಿರಾಕಿಗಳು ಹೆಚ್ಚಿರುವುದರಿಂದ ಇಂಗ್ಲಿಷ್‌ಗೆ ಬೆಲೆಯಿದೆ. ಕೋಣೆ ಅಲ್ಲೂ ಅಗ್ಗವಲ್ಲ. ಆದರೆ ದ್ವೀಪ ದೊಡ್ಡದು, ಬಸ್ಸುಗಳಿವೆ, ದಂಡೆಯಿಂದ ಒಳಗಿನ ಊರುಗಳಲ್ಲಿ ಇದ್ದುಕೊಂಡು ಓಡಾಡಬಹುದು. ಅಂದ ಹಾಗೆ ಕನೇರಿಯಲ್ಲಿ ಬಸ್ಸಿಗೆ ‘ಗುವಾಗುವಾ’ ಎನ್ನುತ್ತಾರೆ. ಮೊದಲ ದಿನವೇ ಈ ಪದ ಕಲಿತರೆ ಊರಿನವರ ಮುಖ ಅರಳುತ್ತದೆ.

ಲಾನ್ಸರೋಟೆ ನನ್ನ ಮನಸ್ಸಿಗೆ ಹತ್ತಿರದ್ದು. ಕಪ್ಪು ಲಾವಾ ಕಲ್ಲು, ಬಿಳಿ ಮನೆಗಳು. ಪುಯೆರ್ತೊ ದೆಲ್ ಕಾರ್ಮೆನ್ ಊರಿನ ಸಮುದ್ರದ ರಸ್ತೆಯುದ್ದಕ್ಕೂ ಉಪಾಹಾರಗೃಹಗಳು. ಐರಿಶ್ ಪಬ್‌ಗಳು ಎಷ್ಟಿವೆಯೆಂದರೆ ಕೌಂಟಿ ಕೆರಿಯ ಉಚ್ಚಾರಣೆ ಕೇಳದ ಸಂಜೆ ಇರುವುದಿಲ್ಲ. ಕೊರತೆಯೆಂದರೆ ತಡರಾತ್ರಿಯ ಬಸ್ಸು. ರಾತ್ರಿ ಒಂದು ಗಂಟೆಗೆ ಪಾಳಿ ಮುಗಿದ ಮೇಲೆ ಮನೆಗೆ ನಡೆಯಬೇಕು, ಇಲ್ಲವೇ ಜೊತೆಗಾರರ ಕಾರು ಹಿಡಿಯಬೇಕು. ನಡೆದು ಹೋಗುವಷ್ಟು ದೂರದಲ್ಲಿ ಕೋಣೆ ಇಲ್ಲದಿದ್ದರೆ ಅಲ್ಲಿ ಕೆಲಸ ಒಪ್ಪಿಕೊಳ್ಳಬೇಡಿ.

ಫುಯೆರ್ತೆವೆಂತೂರಾದ ದಕ್ಷಿಣ ತುದಿಯಲ್ಲಿ ಜರ್ಮನ್ ಭಾಷೆ ಬಲ್ಲವರಿಗೆ ಮಣೆ. ಉತ್ತರದ ಕೊರ್ರಾಲೆಹೊದಲ್ಲಿ ಅಲೆಸವಾರಿ ಕಲಿಸುವವರಿಗೆ ಅವಕಾಶವಿದೆ, ಬೇರೆಯವರಿಗೆ ಆಯ್ಕೆ ಕಡಿಮೆ. ಗ್ರಾನ್ ಕನಾರಿಯಾ ಎರಡು ಮುಖದ ದ್ವೀಪ. ದಕ್ಷಿಣದ ಮಾಸ್ಪಲೋಮಾಸ್, ಪ್ಲಾಯಾ ದೆಲ್ ಇಂಗ್ಲೆಸ್ ಪ್ರವಾಸಿಗರದು. ಉತ್ತರದ ಲಾಸ್ ಪಾಲ್ಮಾಸ್ ಮಾತ್ರ ನಿಜವಾದ ನಗರ, ಪ್ರವಾಸಿಗರಿಲ್ಲದಿದ್ದರೂ ಬದುಕುವ ಊರು. ಲ್ಯಾಪ್‌ಟಾಪ್ ಹಿಡಿದು ಬರುವವರು ಅಲ್ಲಿನ ಲಾಸ್ ಕಾಂತೆರಾಸ್ ಕಡಲತೀರದ ಹಿಂದಿನ ಬೀದಿಗಳಲ್ಲಿ ನೆಲೆಸುತ್ತಾರೆ.

ಬಲೇರಿಕ್‌ನಲ್ಲಿ ಮಯೋರ್ಕಾವೇ ಹಿರಿಯಣ್ಣ. ಪಾಲ್ಮಾ ದೊಡ್ಡ ನಗರ. ಮಗಲುಫ್ ಮತ್ತು ಸಾಂತಾ ಪೊನ್ಸಾದಲ್ಲಿ ಇಂಗ್ಲಿಷ್ ನಡೆಯುತ್ತದೆ, ಪ್ಲಾಯಾ ದೆ ಪಾಲ್ಮಾದಲ್ಲಿ ಜರ್ಮನ್. 1962ರಿಂದ ಅಲ್ಲಿ ‘ಮಜೋರ್ಕಾ ಡೈಲಿ ಬುಲೆಟಿನ್’ ಎಂಬ ಇಂಗ್ಲಿಷ್ ದಿನಪತ್ರಿಕೆ ಬರುತ್ತಿದೆ ಎಂದರೆ ಆ ಭಾಷೆಯ ಸಮುದಾಯ ಎಷ್ಟು ಗಟ್ಟಿಯೆಂದು ತಿಳಿಯುತ್ತದೆ. ಮೆನೋರ್ಕಾ ಶಾಂತ, ಮಕ್ಕಳೊಂದಿಗೆ ಬರುವ ಕುಟುಂಬಗಳ ದ್ವೀಪ. ಮಕ್ಕಳನ್ನು ನೋಡಿಕೊಳ್ಳುವ ಅನುಭವ ಇದ್ದವರಿಗೆ ಒಳ್ಳೆಯದು. ಫೊರ್ಮೆಂತೆರಾಕ್ಕೆ ವಿಮಾನವೇ ಇಲ್ಲ, ದೋಣಿಯಲ್ಲೇ ಹೋಗಬೇಕು. ಮಲಗುವ ಜಾಗ ಖಚಿತವಾಗದೆ ಅಲ್ಲಿಗೆ ಕಾಲಿಡಬೇಡಿ.

ಇಬಿಜಾ. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಇದು, ನನ್ನ ಪಟ್ಟಿಯಲ್ಲಿ ಕೊನೆಯದು. ಕ್ಲಬ್‌ಗಳು ಏಪ್ರಿಲ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನಡೆಯುತ್ತವೆ, ಕೆಲಸಗಳೂ ಇವೆ. ಆದರೆ ದುಡಿಯುವವರು ವ್ಯಾನ್‌ಗಳಲ್ಲಿ, ಡೇರೆಗಳಲ್ಲಿ ಮಲಗುವ ಸ್ಥಿತಿ ಅಲ್ಲಿದೆ. 2024ರ ಜುಲೈನಲ್ಲಿ ಕಾನ್ ರೋವಾ ಎಂಬಲ್ಲಿನ ಡೇರೆ ವಸತಿಯನ್ನು ತೆರವುಗೊಳಿಸಿದಾಗ ಬೀದಿಗೆ ಬಿದ್ದವರಲ್ಲಿ ಆ ದ್ವೀಪದ ಬಾರು, ಹೋಟೆಲು, ಕಟ್ಟಡಗಳಲ್ಲಿ ದುಡಿಯುತ್ತಿದ್ದವರೇ ಇದ್ದರು. ಅದೇ ವರ್ಷ ಏಪ್ರಿಲ್ 20ರಂದು ಕನೇರಿಯ ಜನ ‘ಕನೇರಿಗೊಂದು ಮಿತಿಯಿದೆ’ ಎಂದು ಸಾವಿರ ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದರು, ಬೇಸಿಗೆಯಲ್ಲಿ ಪಾಲ್ಮಾದಲ್ಲೂ ಮೆರವಣಿಗೆ ನಡೆಯಿತು. ಅವರ ಸಿಟ್ಟಿಗೆ ಕಾರಣವಿದೆ. ಹುಟ್ಟಿದ ಊರಿನಲ್ಲೇ ಬಾಡಿಗೆ ಕಟ್ಟಲಾಗದ ಶಿಕ್ಷಕಿಯ ಜೊತೆ ನಾನು ಮಯೋರ್ಕಾದಲ್ಲಿ ಅಡುಗೆಮನೆ ಹಂಚಿಕೊಂಡಿದ್ದೆ. ಆಕೆ ಸೆಪ್ಟೆಂಬರ್‌ನಿಂದ ಮೇವರೆಗೆ ಒಂದು ಮನೆ, ಬೇಸಿಗೆಯಲ್ಲಿ ಇನ್ನೊಂದು ಕೋಣೆ ಹೀಗೆ ನಾಲ್ಕು ವರ್ಷ ಅಲೆದಿದ್ದಳು. ಬೇಸಿಗೆ ಬಂದ ಕೂಡಲೇ ಮಾಲೀಕರು ಮನೆಯನ್ನು ಪ್ರವಾಸಿಗರಿಗೆ ಕೊಡುತ್ತಾರೆ. ನಾವು ಹೊರಗಿನವರು ಹೋಗಿ ಅದೇ ಕೋಣೆಗೆ ಕೈಚಾಚುತ್ತೇವೆ ಎಂಬುದನ್ನು ಮರೆಯಬಾರದು. ಕೆಲಸದ ಜೊತೆಗೆ ವಸತಿ ಕೊಡುವ ಹೋಟೆಲನ್ನೇ ಹುಡುಕಿ ಎಂದು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಸಂದರ್ಶನದಲ್ಲಿ ಕೇಳಬೇಕಾದ ಮೊದಲ ಸ್ಪ್ಯಾನಿಷ್ ವಾಕ್ಯ: ‘ಇನ್‌ಕ್ಲೂಯೆ ಅಲೊಹಮಿಯೆಂತೊ?’ ವಸತಿ ಸೇರಿದೆಯೇ?

ಯಾವ ಕೆಲಸ

ಬಾರು ಮತ್ತು ಉಪಾಹಾರಗೃಹದ ಕೆಲಸವೇ ಹೆಚ್ಚು. ಪುಯೆರ್ತೊ ದೆಲ್ ಕಾರ್ಮೆನ್‌ನಲ್ಲಿ ನಾನು ಹುಡುಕಿದ್ದು ಹೀಗೆ: ಮಧ್ಯಾಹ್ನ ನಾಲ್ಕಕ್ಕೆ ಹೊರಟೆ, ಏಕೆಂದರೆ ಊಟದ ಗದ್ದಲ ಮುಗಿದು ರಾತ್ರಿಯದು ಶುರುವಾಗುವ ನಡುವಿನ ಎರಡು ಗಂಟೆ ಮಾತ್ರ ಮೇಲ್ವಿಚಾರಕರಿಗೆ ಬಿಡುವು. ಕೈಯಲ್ಲಿ ನನ್ನ ಬಯೊಡೇಟಾದ ಮೂವತ್ತು ಮುದ್ರಿತ ಪ್ರತಿಗಳು, ಮೇಲ್ಭಾಗದಲ್ಲೇ ಎನ್‌ಐಇ ಸಂಖ್ಯೆ ಮತ್ತು ಸ್ಪೇನ್‌ನ ಮೊಬೈಲ್ ಸಂಖ್ಯೆ. ಹದಿನೇಳನೆಯ ಬಾಗಿಲಲ್ಲಿ ನಡುವಯಸ್ಸಿನ ಮೇಲ್ವಿಚಾರಕಿ ನನ್ನ ಕಾಗದವನ್ನು ನೋಡಲೇ ಇಲ್ಲ. ಮೂರು ಖಾಲಿ ತಟ್ಟೆಗಳನ್ನು ನನ್ನ ಎಡಗೈ ಮೇಲೆ ಜೋಡಿಸಿ, ‘ಆ ಮೂಲೆಯ ಮೇಜಿನವರೆಗೆ ಹೋಗಿ ಬಾ’ ಎಂದರು. ಹೋಗಿ ಬಂದೆ. ‘ನಾಳೆ ಆರಕ್ಕೆ, ಕಪ್ಪು ಬೂಟು ಹಾಕಿಕೊಂಡು ಬಾ.’

ಇಂಗ್ಲಿಷ್ ಸಾಕೇ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಿತು. ಮೇಜುಗಳ ನಡುವೆ ಇಂಗ್ಲಿಷ್ ನಡೆಯುತ್ತದೆ, ಅಡುಗೆಮನೆಯೊಳಗೆ ಸ್ಪ್ಯಾನಿಷ್. ಒಂದು ರಾತ್ರಿ ಗಿರಾಕಿಯೊಬ್ಬರಿಗೆ ಬೀಜಗಳ ಅಲರ್ಜಿ. ಈ ಸಾಸ್‌ನಲ್ಲಿ ಏನಿದೆ ಎಂದು ನನ್ನ ಜೊತೆಗಾರ್ತಿ, ಆಗ ತಾನೇ ಬಂದಿದ್ದ ಐರಿಶ್ ಹುಡುಗಿ, ಅಡುಗೆಯವನನ್ನು ಕೇಳಿದಳು. ಆತ ‘ಫ್ರೂತೊಸ್ ಸೆಕೊಸ್’ ಎಂದ. ಅಕ್ಷರಶಃ ಒಣ ಹಣ್ಣು. ಅವಳು ಒಣದ್ರಾಕ್ಷಿ ಎಂದುಕೊಂಡು ತಟ್ಟೆ ಎತ್ತಿಕೊಂಡಳು. ನಮ್ಮ ಕಡೆ ಡ್ರೈ ಫ್ರೂಟ್ಸ್ ಎಂದರೆ ಬಾದಾಮಿ, ಗೋಡಂಬಿಯೂ ಸೇರಿದ್ದೇ ಆದ್ದರಿಂದ ನನಗೆ ಥಟ್ಟನೆ ಹೊಳೆಯಿತು, ಕೈ ಹಿಡಿದು ನಿಲ್ಲಿಸಿದೆ. ಸಾಸ್‌ಗೆ ಬಾದಾಮಿ ಅರೆದು ಹಾಕಿದ್ದರು. ಆ ತಟ್ಟೆ ಇವತ್ತಿಗೂ ಕಣ್ಣ ಮುಂದಿದೆ. ಮೂರು ತಿಂಗಳು ಮುಂಚಿತವಾಗಿ ಅಡುಗೆಮನೆಯ, ಅಂಕಿಯ, ಅಲರ್ಜಿಯ ಸ್ಪ್ಯಾನಿಷ್ ಕಲಿತು ಹೋಗಿ ಎಂದು ಅದಕ್ಕಾಗಿಯೇ ಹೇಳುತ್ತೇನೆ. ಬಲೇರಿಕ್‌ನಲ್ಲಿ ಕತಲಾನ್ ಕೂಡ ಅಧಿಕೃತ ಭಾಷೆ. ಖಾಸಗಿ ಹೋಟೆಲಿಗೆ ಸಾಮಾನ್ಯವಾಗಿ ಬೇಕಾಗದು, ಸರ್ಕಾರಿ ಕೆಲಸಕ್ಕೆ ಬೇಕು.

ಹೋಟೆಲುಗಳಲ್ಲಿ ಅತಿಥಿಗಳನ್ನು ರಂಜಿಸುವ ‘ಆನಿಮಾಸಿಯೋನ್’ ತಂಡ, ಮಕ್ಕಳ ಕ್ಲಬ್, ಪ್ರವಾಸ ಕಂಪನಿಗಳ ಪ್ರತಿನಿಧಿ ಇವೆಲ್ಲ ಹತ್ತೊಂಬತ್ತು, ಇಪ್ಪತ್ತರ ವಯಸ್ಸಿಗೆ ಒಳ್ಳೆಯ ಆರಂಭ. ಸಂಬಳ ಕಡಿಮೆ, ವಾರಕ್ಕೆ ಆರು ದಿನ ದಣಿವು, ಆದರೆ ಬಹಳ ಸಲ ಹಾಸಿಗೆ ಮತ್ತು ಊಟ ಸೇರಿಯೇ ಬರುತ್ತದೆ. ನನ್ನ ಅಳತೆಗೋಲಿನಲ್ಲಿ ಹೆಚ್ಚು ಸಂಬಳದ, ಕೋಣೆಯಿಲ್ಲದ ಬಾರ್ ಕೆಲಸಕ್ಕಿಂತ ಇದು ಮೇಲು. ಒಂದೇ ಕಂಪನಿಯನ್ನು ನಂಬಿದ ಊರಿನ ಅಪಾಯವನ್ನೂ ತಿಳಿದಿರಿ. 2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಪ್ರವಾಸ ಕಂಪನಿ ಥಾಮಸ್ ಕುಕ್ ಮುಳುಗಿದಾಗ ಎರಡೂ ದ್ವೀಪಸಮೂಹಗಳ ಹೋಟೆಲುಗಳಿಗೆ ಪೆಟ್ಟು ಬಿತ್ತು.

ಇಂಗ್ಲಿಷ್ ಕಲಿಸುವ ಕೆಲಸದ ಪಂಚಾಂಗ ಇವೆಲ್ಲಕ್ಕೆ ತಿರುಗುಮುರುಗು. ಖಾಸಗಿ ಅಕಾಡೆಮಿಗಳು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ ತೆರೆದು ಜೂನ್‌ಗೆ ಮುಚ್ಚುತ್ತವೆ. ಬಲೇರಿಕ್‌ನಲ್ಲಿ ಕೋಣೆಗಳು ಸಿಗುವುದೂ ಅದೇ ತಿಂಗಳುಗಳಲ್ಲಿ! ಪಾಲ್ಮಾದಲ್ಲಿ ಇರಲೇಬೇಕೆಂಬ ಆಸೆಯಿದ್ದವರು ಬೋಧನೆಯ ಪ್ರಮಾಣಪತ್ರ ಮಾಡಿಕೊಂಡು ಚಳಿಗಾಲಕ್ಕೆ ಹೋಗುವುದು ಬುದ್ಧಿವಂತಿಕೆ. ಸರ್ಕಾರಿ ಶಾಲೆಗಳಿಗೆ ವಿದೇಶಿ ಭಾಷಾ ಸಹಾಯಕರನ್ನು ಕರೆಯುವ ಯೋಜನೆಯೂ ಇದೆ. ಆ ವರ್ಷದ ಪಟ್ಟಿಯಲ್ಲಿ ನಿಮ್ಮ ದೇಶವಿದೆಯೇ ಎಂದು ಸ್ಪೇನ್ ಶಿಕ್ಷಣ ಸಚಿವಾಲಯದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಪಾಲ್ಮಾ ಬಂದರಿನ ಐಷಾರಾಮಿ ವಿಹಾರನೌಕೆಗಳದು ಬೇರೆಯೇ ಲೋಕ. ಹಡಗಿನ ಮೇಲಿನ ಭಾಷೆ ಹೆಚ್ಚಾಗಿ ಇಂಗ್ಲಿಷ್, ಮಲಗಲು ಬರ್ತ್ ಹಡಗಿನಲ್ಲೇ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೇ ಒಗೆದ ಪೋಲೊ ಅಂಗಿ ತೊಟ್ಟ ಯುವಕ ಯುವತಿಯರು ಒಂದೊಂದೇ ನೌಕೆಯ ಮುಂದೆ ನಿಂತು ದಿನಗೂಲಿ ಕೇಳುತ್ತಾರೆ. ಒಂದು ದಿನ ತೊಳೆದು ಒರೆಸಿದ್ದು ನೋಡಿ ಇಡೀ ಬೇಸಿಗೆಗೆ ಇರಿಸಿಕೊಳ್ಳುವುದುಂಟು. ಇದಕ್ಕೆ ಎಸ್‌ಟಿಸಿಡಬ್ಲ್ಯು ಎಂಬ, ನಾವಿಕರ ಅಂತರರಾಷ್ಟ್ರೀಯ ಸುರಕ್ಷತಾ ತರಬೇತಿ ಮತ್ತು ನಾವಿಕರ ವೈದ್ಯಕೀಯ ಪ್ರಮಾಣಪತ್ರ ಬೇಕು. ಕಾರವಾರ, ಮಂಗಳೂರು ಕಡೆಯ ನಾವಿಕರಿಗೆ ಈ ಕಾಗದಗಳು ಹೊಸದಲ್ಲ. ಭಾರತದ ನಾವಿಕ ದಾಖಲೆ ಇದ್ದವರಿಗೆ ದಡದ ಕೆಲಸಕ್ಕಿಂತ ಇದೇ ಹತ್ತಿರದ ದಾರಿ, ಆದರೆ ವೀಸಾ ಮತ್ತು ನೇಮಕದ ಪತ್ರ ಊರಲ್ಲೇ ಕೈಸೇರಿರಬೇಕು. ಪಾಲ್ಮಾಕ್ಕೆ ಬಂದು ಬಂದರಿನಲ್ಲಿ ಸುತ್ತುವುದು ಅವರಿಗೆ ಹೇಳಿದ್ದಲ್ಲ.

ಬೀದಿಯಲ್ಲಿ ನಿಂತು ಟಿಕೆಟ್ ಮಾರುವ, ರಜಾಮನೆಯ ಪಾಲು ಕೊಳ್ಳಲು ಜನರನ್ನು ಸೆಳೆಯುವ ಕೆಲಸ ಬೇಡ. ಸಂಬಳವಿರುವುದಿಲ್ಲ, ಬರೀ ಕಮಿಷನ್. ಮಗಲುಫ್, ಇಬಿಜಾದ ಸಾನ್ ಅಂತೋನಿ ಕಡೆ 2020ರಿಂದ ಮದ್ಯದ ಮೋಜಿನ ಮೇಲೆ ಕಟ್ಟುಪಾಡುಗಳು ಬಂದಿವೆ, ಬಾರಿಂದ ಬಾರಿಗೆ ಗುಂಪು ಕರೆದೊಯ್ಯುವುದಕ್ಕೂ ನಿರ್ಬಂಧವಿದೆ. ದಂಡ ಬಿದ್ದಾಗ ನಿಮ್ಮ ಬೆನ್ನಿಗೆ ಯಾರೂ ನಿಲ್ಲುವುದಿಲ್ಲ.

ಬೆಂಗಳೂರಿನ ಕೆಲಸವನ್ನೇ ಹೊತ್ತು ಬರುವವರಿಗೆ 2022ರ ಕೊನೆಯಲ್ಲಿ ಬಂದ ಕಾನೂನಿನಿಂದ ಹೊಸ ವೀಸಾ ಬಂದಿದೆ. ಸ್ಪೇನ್‌ನ ಹೊರಗಿನ ಕಂಪನಿಗೆ ದೂರದಿಂದ ದುಡಿಯುವವರು, ಕನಿಷ್ಠ ವೇತನದ ಎರಡರಷ್ಟು ವರಮಾನ ತೋರಿಸಬಲ್ಲವರು ಅರ್ಜಿ ಹಾಕಬಹುದು. ಕನಿಷ್ಠ ವೇತನದ ವರ್ಷದ 14 ಕಂತುಗಳನ್ನು ಹನ್ನೆರಡು ತಿಂಗಳಿಗೆ ಹಂಚಿದರೆ, 2025ರ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 2,763 ಯೂರೋ. ಸಮಯದ ಹೋಲಿಕೆಯನ್ನು ಗಮನಿಸಿ: ಮಯೋರ್ಕಾ ಭಾರತಕ್ಕಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಕನೇರಿ ಇನ್ನೂ ಒಂದು ಗಂಟೆ ಹಿಂದೆ. ಬೆಂಗಳೂರಿನ ಹತ್ತು ಗಂಟೆಯ ಸಭೆಗೆ ಲಾಸ್ ಪಾಲ್ಮಾಸ್‌ನಲ್ಲಿ ಜನವರಿಯ ನಸುಕಿನ ನಾಲ್ಕೂವರೆಗೆ ಏಳಬೇಕು. ಲಂಡನ್ನಿನ ಗಿರಾಕಿಗಳಿದ್ದರೆ ಕನೇರಿಯೇ ಸರಿ, ಗಡಿಯಾರ ಎರಡೂ ಕಡೆ ಒಂದೇ.

ಸಂಬಳ, ಒಪ್ಪಂದ, ಒಂದು ಅಂಕಿ

2025ರಲ್ಲಿ ಸ್ಪೇನ್‌ನ ಕನಿಷ್ಠ ವೇತನ ತಿಂಗಳಿಗೆ 1,184 ಯೂರೋ, ವರ್ಷಕ್ಕೆ 14 ಕಂತು. ಬೇಸಿಗೆಗೊಂದು, ಕ್ರಿಸ್ಮಸ್‌ಗೊಂದು ಹೆಚ್ಚುವರಿ ಕಂತು. ಕೆಲವು ಮಾಲೀಕರು ಅದನ್ನು ಹನ್ನೆರಡಕ್ಕೆ ಹಂಚಿ ಕೊಡುತ್ತಾರೆ, ಆದ್ದರಿಂದ ಎರಡು ಕೆಲಸಗಳನ್ನು ಹೋಲಿಸುವಾಗ ವರ್ಷದ ಮೊತ್ತವನ್ನೇ ಕೇಳಿ. ಹೋಟೆಲು ಕ್ಷೇತ್ರಕ್ಕೆ ಪ್ರಾಂತ್ಯವಾರು ಸಾಮೂಹಿಕ ಒಪ್ಪಂದವಿರುತ್ತದೆ, ಸಂಬಳ ಅದಕ್ಕಿಂತ ಕೆಳಗಿಳಿಯುವಂತಿಲ್ಲ. 2022ರಲ್ಲಿ ಜಾರಿಗೆ ಬಂದ ಕಾರ್ಮಿಕ ಸುಧಾರಣೆಯ ನಂತರ ಪ್ರತಿವರ್ಷ ಮರಳುವ ಋತುಕಾಲದ ಕೆಲಸಕ್ಕೆ ‘ಫಿಹೊ ದಿಸ್ಕೊಂತಿನುವೊ’ ಒಪ್ಪಂದವೇ ರೂಢಿ. ನೀವು ಕಾಯಂ ನೌಕರರು, ಋತು ಮುಗಿದಾಗ ಮನೆಗೆ, ಮುಂದಿನ ಋತುವಿಗೆ ಮಾಲೀಕ ಕರೆಯಲೇಬೇಕು. ಇದು ಸಿಕ್ಕರೆ ಬಿಡಬೇಡಿ.

ಮಯೋರ್ಕಾದಲ್ಲಿ ನಾನು ದುಡಿದ ಕಡೆ (ಹೆಸರು ಬೇಡ) ವಾರಕ್ಕೆ ನಲವತ್ತೈದು ಗಂಟೆಗಿಂತ ಹೆಚ್ಚೇ ನಿಲ್ಲಿಸಿಕೊಳ್ಳುತ್ತಿದ್ದರು. ಎರಡನೆಯ ತಿಂಗಳು ಗೆಳತಿಯೊಬ್ಬಳು ಸಾಮಾಜಿಕ ಭದ್ರತೆಯ ಜಾಲತಾಣದಿಂದ ನನ್ನ ‘ವಿದಾ ಲಬೊರಾಲ್’ ತೆಗೆಸಿದಳು. ಸರ್ಕಾರದ ಲೆಕ್ಕದಲ್ಲಿ ನಿಮ್ಮ ದುಡಿಮೆಯ ಇತಿಹಾಸ ಅದು. ನನ್ನ ಹೆಸರಿನ ಎದುರು ಸಣ್ಣ ಅಕ್ಷರದಲ್ಲಿ 50 ಎಂದಿತ್ತು. ಅಂದರೆ ಅರ್ಧ ದಿನದ ನೌಕರ. ಉಳಿದರ್ಧ ಲಕೋಟೆಯಲ್ಲಿ ನಗದಾಗಿ ಬರುತ್ತಿತ್ತು. ಬಿದ್ದು ಕೈ ಮುರಿದಿದ್ದರೆ, ನಿರುದ್ಯೋಗ ಭತ್ಯೆ ಕೇಳಿದ್ದರೆ ನನ್ನ ಬೆವರಿನ ಅರ್ಧ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆ ಕಾಗದ ಹಿಡಿದು ಮಾತನಾಡಿದೆ, ಮುಂದಿನ ತಿಂಗಳಿನಿಂದ ಪೂರ್ತಿ ಗಂಟೆ ತೋರಿಸಿದರು. ಕೆಲಸ ಹಿಡಿದ ಮೊದಲ ವಾರದಲ್ಲೇ ಇದನ್ನು ತೆಗೆಸಿ ನೋಡಿ. ಹೆಸರೇ ಇಲ್ಲದಿದ್ದರೆ, ಕಾನೂನಿನ ಕಣ್ಣಿಗೆ ನೀವು ಅಲ್ಲಿ ಇಲ್ಲವೇ ಇಲ್ಲ.

ಹೊರಡುವಾಗ ಒಂದೂವರೆ ತಿಂಗಳ ಖರ್ಚು ಮತ್ತು ಕೋಣೆಯ ಠೇವಣಿ ಕೈಯಲ್ಲಿರಲಿ. ಮನೆ ನೋಡದೆ, ಮಾಲೀಕರನ್ನು ಕಾಣದೆ ಹಣ ಕಳುಹಿಸಬೇಡಿ. ಪುರಸಭೆಯಲ್ಲಿ ವಾಸದ ನೋಂದಣಿಗೆ ಒಪ್ಪುತ್ತೀರಾ ಎಂದು ಮುಂಚೆಯೇ ಕೇಳಿ. ಇಲ್ಲವೆನ್ನುವವರ ಕೋಣೆ ಮೇ ಕೊನೆಗೆ ನಿಮ್ಮ ಕೈತಪ್ಪುವ ಸಂಭವ ಹೆಚ್ಚು. ಕೆಲಸ ಮುಗಿದ ದಿನ ಕೊನೆಯ ಲೆಕ್ಕದ ಕಾಗದಕ್ಕೆ ಸಹಿ ಕೇಳುತ್ತಾರೆ. ಬಾಕಿ ರಜೆಯ ಹಣ ಅದರಲ್ಲಿದೆಯೇ ನೋಡಿ. ಸಂದೇಹವಿದ್ದರೆ ಸಹಿಯ ಪಕ್ಕದಲ್ಲಿ ‘ನೊ ಕೊನ್‌ಫೊರ್ಮೆ’, ಒಪ್ಪಿಗೆಯಿಲ್ಲ, ಎಂದು ಬರೆದು ದಿನಾಂಕ ಹಾಕಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.